ಆಮೇಲೂ ಉಳಿಯುವ ಸಂತೋಷ: ಸಂತ ಇಗ್ನೇಷಿಯಸ್ ತೋರಿಸಿದ ರಾತ್ರಿಯ ಅಭ್ಯಾಸ

1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯ ಮೇಲೆ ಫ್ರೆಂಚ್ ಸೈನ್ಯ ಫಿರಂಗಿ ದಾಳಿ ನಡೆಸಿತು. ಕೋಟೆಯೊಳಗೆ ಕಾದಾಡುತ್ತಿದ್ದ ಬಾಸ್ಕ್ ಸೀಮೆಯ ಯೋಧನೊಬ್ಬನಿಗೆ ಗುಂಡು ತಗುಲಿ ಒಂದು ಕಾಲಿನ ಮೂಳೆ ಮುರಿಯಿತು, ಇನ್ನೊಂದಕ್ಕೂ ಗಾಯವಾಯಿತು. ಅವನನ್ನು ಡೋಲಿಯಲ್ಲಿ ಹೊತ್ತು ಲೊಯೋಲಾದ ಮನೆಗೆ ತಂದರು. ಮೂಳೆ ಸರಿಯಾಗಿ ಕೂಡಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ಆಮೇಲೆ ಮೊಣಕಾಲಿನ ಕೆಳಗೆ ಮೂಳೆಯ ತುಣುಕೊಂದು ಉಬ್ಬಿ ನಿಂತಿತು. ಅಂದದ ಬೂಟು ಹಾಕಿಕೊಳ್ಳಲು ಅಡ್ಡಿಯಾಗುತ್ತದೆಂದು ಅವನು ಅದನ್ನೂ ಕೊಯ್ಯಿಸಿಕೊಂಡ. ಅರಿವಳಿಕೆ ಎಂಬುದೇ ಇಲ್ಲದ ಕಾಲ ಅದು. ತನ್ನ ಠೀವಿ ಅವನಿಗೆ ಅಷ್ಟು ಮುಖ್ಯವಾಗಿತ್ತು.

ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದವನು ಓದಲು ವೀರಕಥೆಗಳನ್ನು ಕೇಳಿದ. ಮನೆಯಲ್ಲಿ ಅವು ಇರಲಿಲ್ಲ. ಇದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಬೇರೆ ದಾರಿಯಿಲ್ಲದೆ ಅವನ್ನೇ ಓದಿದ. ನಡುನಡುವೆ ಹಗಲುಗನಸು ಕಾಣುತ್ತಿದ್ದ. ಒಮ್ಮೆ, ದೊಡ್ಡ ಮನೆತನದ ಹೆಣ್ಣೊಬ್ಬಳ ಮೆಚ್ಚುಗೆ ಗಳಿಸಲು ತಾನು ಮಾಡಬಹುದಾದ ಸಾಹಸಗಳ ಕನಸು. ಇನ್ನೊಮ್ಮೆ, ಸಂತ ಫ್ರಾನ್ಸಿಸರು, ಸಂತ ಡೊಮಿನಿಕರು ಮಾಡಿದ್ದನ್ನು ತಾನೂ ಮಾಡಿದರೆ ಹೇಗೆ ಎಂಬ ಕನಸು. ಕಾಣುತ್ತಿರುವಷ್ಟು ಹೊತ್ತು ಎರಡೂ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುತ್ತಿತ್ತು. ಎರಡನೆಯದು ಮುಗಿದ ಮೇಲೂ ಉಲ್ಲಾಸ ಉಳಿದಿರುತ್ತಿತ್ತು. ಬಹಳ ದಿನ ಈ ವ್ಯತ್ಯಾಸ ಅವನ ಗಮನಕ್ಕೇ ಬರಲಿಲ್ಲ. ಒಂದು ದಿನ ಬಂತು. ಅಲ್ಲಿಂದ ಅವನ ಬದುಕು ತಿರುಗಿತು.

ಆ ಯೋಧನೇ ಸಂತ ಇಗ್ನೇಷಿಯಸ್ ಲೊಯೋಲಾ. ಮುಂದೆ ಅವರು ಸಂಗಡಿಗರೊಂದಿಗೆ ಕಟ್ಟಿದ ಯೇಸುಸಭೆಗೆ, ಅಂದರೆ ಜೆಸ್ವಿಟ್ ಸಭೆಗೆ, 1540ರಲ್ಲಿ ಮಾನ್ಯತೆ ದೊರೆಯಿತು. ಅದೇ ಸಭೆಯ ಗುರುಗಳು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ನಮ್ಮಲ್ಲಿ ಅನೇಕರಿಗೆ ಆ ಕಾಲೇಜು ಗೊತ್ತು, ಅದರ ಪ್ರಾರ್ಥನಾಲಯದ ಗೋಡೆಗಳ ಮೇಲೆ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳೂ ಗೊತ್ತು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಸಂತರು ಗಮನಿಸಿದ್ದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಶಾಶ್ವತ ಸಂತೋಷವನ್ನು ಹುಡುಕುವವರಿಗೆ ಅದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ನಾನು ಕಥೋಲಿಕ. ಆದರೆ ಇಲ್ಲಿ ಹೇಳುವುದನ್ನು ಯಾವ ಸಭೆಯ ಕ್ರೈಸ್ತರೂ ಮಾಡಬಹುದು.

ಮೊದಲ ಹೆಜ್ಜೆ: ಆಮೇಲೆ ಏನು ಉಳಿಯಿತು ಎಂದು ನೋಡಿ

ನಾಳೆಯಿಂದಲೇ ಈ ಪ್ರಶ್ನೆಯನ್ನು ರೂಢಿ ಮಾಡಿಕೊಳ್ಳಿ: ಇದು ಮುಗಿದು ಒಂದು ಗಂಟೆಯಾಯಿತು, ಈಗ ನನ್ನೊಳಗೆ ಏನಿದೆ? ಮದುವೆ ಮನೆಯಿಂದ ಬಂದ ಮೇಲೆ, ಫೋನಿನಲ್ಲಿ ವಿಡಿಯೊ ನೋಡಿ ಮುಗಿಸಿದ ಮೇಲೆ, ಯಾರನ್ನೋ ಬೈದ ಮೇಲೆ, ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಿಕೊಂಡು ಬಂದ ಮೇಲೆ ಹೀಗೆ ಕೇಳಿಕೊಳ್ಳಿ. ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಡುವ ಅವಸರ ಬೇಡ. ಮೊದಲ ಒಂದು ವಾರ ಸುಮ್ಮನೆ ಗಮನಿಸಿ.

ಹಾಗೆಂದು ಸುಖವೆಲ್ಲ ಪಾಪ ಎಂಬ ಬಿಗುವಿಗೆ ಹೋಗಬೇಡಿ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸುಸ್ವಾಮಿ ಉಪದೇಶ ಮಾಡಲಿಲ್ಲ, ಕಲ್ಲಿನ ಬಾನೆಗಳನ್ನು ತುಂಬಿಸಿದರು. ಒಳ್ಳೆಯ ಊಟ, ಮಕ್ಕಳ ಗಲಾಟೆ, ಮಳೆ ಬಂದ ಸಂಜೆಯ ಕಾಫಿ ಇವೆಲ್ಲ ದೇವರ ಕೊಡುಗೆಗಳೇ. ಕೃತಜ್ಞತೆಯಿಂದ ತೆಗೆದುಕೊಂಡ ಸಣ್ಣ ಸುಖವೂ ಬಹಳ ಹೊತ್ತು ಉಳಿಯುತ್ತದೆ. ಇದನ್ನು ನೀವೇ ನೋಡುವಿರಿ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಈ ಸಂತೋಷವನ್ನು ನಾವು ತಯಾರಿಸುವುದಿಲ್ಲ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಅದನ್ನು ಪವಿತ್ರಾತ್ಮರ ಫಲಗಳಲ್ಲಿ ಎಣಿಸುತ್ತಾರೆ. ಪ್ರೀತಿಯ ನಂತರ ಬರುವ ಹೆಸರೇ ಅದು. ಯೇಸುಸ್ವಾಮಿ ತಮ್ಮ ಆನಂದ ಶಿಷ್ಯರಲ್ಲಿರಬೇಕು, ಅದು ಅವರಲ್ಲಿ ಪೂರ್ಣವಾಗಬೇಕು ಎಂದದ್ದು ಕೊನೆಯ ಭೋಜನದ ರಾತ್ರಿ. ಮರುದಿನ ಶಿಲುಬೆ ಕಾದಿತ್ತು, ಅದು ಅವರಿಗೆ ತಿಳಿದೂ ಇತ್ತು. ಅಂಥ ರಾತ್ರಿಯಲ್ಲಿ ಹಂಚಿದ ಆನಂದ ನಮ್ಮ ಪರಿಸ್ಥಿತಿ ಸುಧಾರಿಸಲಿ ಎಂದು ಕಾಯುವಂಥದ್ದಲ್ಲ. ನಾವು ಮಾಡಬೇಕಾದದ್ದು ಅದು ಬಂದಾಗ ಗುರುತಿಸುವುದು, ಬಂದ ದಾರಿಯಲ್ಲಿ ನಡೆಯುವುದು.

ಎರಡನೆಯ ಹೆಜ್ಜೆ: ಹೊತ್ತನ್ನೂ ಜಾಗವನ್ನೂ ಗೊತ್ತು ಮಾಡಿ

ಹದಿನೈದು ನಿಮಿಷ ಸಾಕು. ರಾತ್ರಿ ಊಟವಾದ ಮೇಲೆ, ನಿದ್ದೆ ಕಣ್ಣಿಗೆ ಹತ್ತುವ ಮೊದಲು. ಮಲಗಿಕೊಂಡು ಮಾಡಿದರೆ ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ; ಕುರ್ಚಿಯಲ್ಲೋ ಚಾಪೆಯ ಮೇಲೋ ನೆಟ್ಟಗೆ ಕುಳಿತುಕೊಳ್ಳಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮನೆಯಲ್ಲಿ ಜಪಸರ ಹೇಳುವ ರೂಢಿಯಿದ್ದರೆ ಅದು ಮುಗಿದ ಕೂಡಲೇ ಕುಳಿತುಬಿಡಿ, ಪ್ರತ್ಯೇಕ ಸಮಯ ಹುಡುಕುವ ಕಷ್ಟ ತಪ್ಪುತ್ತದೆ. ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ನು. ರಾತ್ರಿ ಪಾಳಿಯವರು ಕೆಲಸ ಮುಗಿಸಿ ಬಂದ ಬೆಳಿಗ್ಗೆ ಮಾಡಲಿ.

ಮೂರನೆಯ ಹೆಜ್ಜೆ: ಐದು ಅಂಶಗಳಲ್ಲಿ ದಿನವನ್ನು ತಿರುಗಿ ನೋಡಿ

ಇದಕ್ಕೆ ಆತ್ಮಶೋಧನೆ ಎನ್ನುತ್ತೇವೆ. ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ, ಅಂದರೆ 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದ ಪುಸ್ತಕದಲ್ಲಿ, ಇದನ್ನು ಐದು ಅಂಶಗಳಾಗಿ ಕೊಟ್ಟಿದ್ದಾರೆ. ಪಾಪನಿವೇದನೆಗೆ ಮುಂಚೆ ತಪ್ಪುಗಳ ಪಟ್ಟಿ ಮಾಡುವ ಅಭ್ಯಾಸವಿರುವ ನಮಗೆ ಇದೂ ಅಂಥದ್ದೇ ಎನ್ನಿಸುತ್ತದೆ. ಆದರೆ ಅವರ ಪಟ್ಟಿಯಲ್ಲಿ ಮೊದಲು ಬರುವುದು ಕೃತಜ್ಞತೆ. ಆ ಕ್ರಮವನ್ನು ತಪ್ಪಿಸಲೇಬೇಡಿ. ಕೊಟ್ಟವರ ಪ್ರೀತಿಯನ್ನು ನೆನೆದ ಮೇಲೆ ತಪ್ಪನ್ನು ನೋಡಿದರೆ ಎದೆಗುಂದುವುದಿಲ್ಲ. ತಪ್ಪಿನಿಂದಲೇ ಶುರುಮಾಡಿದರೆ ಹೆಚ್ಚಿನವರು ಅಲ್ಲೇ ಕುಸಿಯುತ್ತಾರೆ.

ಒಂದು: ಇಂದು ಸಿಕ್ಕ ಒಳಿತಿಗಾಗಿ ದೇವರಿಗೆ ವಂದನೆ. ಸ್ಪಷ್ಟವಾಗಿರಲಿ. ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ ಎಂದು ದಿನವೂ ಒಂದೇ ಪಾಠ ಒಪ್ಪಿಸಿದರೆ ಅದು ಬಾಯಿಗೆ ಮಾತ್ರ ಬರುತ್ತದೆ. ಇವತ್ತೇ ನಡೆದ, ಇವತ್ತು ಮಾತ್ರ ನಡೆದ ಒಂದೆರಡನ್ನು ಹೆಸರಿಸಿ.

ಎರಡು: ಬೆಳಕಿಗಾಗಿ ಬೇಡಿಕೆ. ನನ್ನ ದಿನವನ್ನು ನನ್ನ ಕಣ್ಣಿನಿಂದ ನೋಡಿದರೆ ಒಂದೋ ಸಮರ್ಥನೆ, ಇಲ್ಲವೇ ಸ್ವನಿಂದನೆ. ನಿಮ್ಮ ಕಣ್ಣಿನಿಂದ ತೋರಿಸಿ ಎಂದು ಪವಿತ್ರಾತ್ಮರನ್ನು ಕೇಳಿ.

ಮೂರು: ಎದ್ದಾಗಿನಿಂದ ಈವರೆಗೆ ಹೊತ್ತುಹೊತ್ತಾಗಿ ದಿನವನ್ನು ನೋಡುವುದು. ಎಲ್ಲಿ ಮನಸ್ಸು ಹಗುರವಾಯಿತು, ದೇವರ ಕಡೆಗೆ, ಜನರ ಕಡೆಗೆ ತೆರೆದುಕೊಂಡಿತು? ಎಲ್ಲಿ ಮುದುಡಿತು?

ನಾಲ್ಕು: ತಪ್ಪಿದಲ್ಲಿ ಕ್ಷಮೆ. ಚಿಕ್ಕದಾಗಿ, ನೇರವಾಗಿ.

ಐದು: ನಾಳೆಗೆ ಒಂದೇ ಒಂದು ನಿರ್ಧಾರ, ಅದನ್ನು ನಡೆಸಲು ಕೃಪೆಯ ಬೇಡಿಕೆ. ಕೊನೆಗೆ ಪರಲೋಕಮಂತ್ರ, ಅಂದರೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ.

ಮೂರನೆಯ ಅಂಶ ಹೇಗೆ ನಡೆಯುತ್ತದೆ ಎಂದು ತೋರಿಸಲು ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿಯ ದಿನವನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಬಸ್ಸು ತಪ್ಪಿ ಓಡಿದ್ದು. ಹನ್ನೊಂದಕ್ಕೆ ಶಿಕ್ಷಕರ ಕೊಠಡಿಯಲ್ಲಿ ಟೀ ಕುಡಿಯುತ್ತಾ ಮುಖ್ಯೋಪಾಧ್ಯಾಯರನ್ನು ಆಡಿಕೊಂಡು ನಕ್ಕದ್ದು. ಮಾತಿನ ಸರದಿ ತನ್ನದಾದಾಗ ಎಲ್ಲರಿಗಿಂತ ಹೆಚ್ಚು ನಗಿಸಿದ್ದು. ಬಿಸಿಯೂಟದ ಹೊತ್ತಿಗೆ, ಯಾರೊಂದಿಗೂ ಮಾತನಾಡದ ನಾಲ್ಕನೆಯ ತರಗತಿಯ ಹುಡುಗ ತಟ್ಟೆಯನ್ನು ಪಕ್ಕಕ್ಕಿಟ್ಟು ಬಂದು, ತಪ್ಪಿಲ್ಲದೆ ಬರೆದ ತನ್ನ ಹೆಸರನ್ನು ಸ್ಲೇಟಿನಲ್ಲಿ ತೋರಿಸಿದ್ದು. ಸಂಜೆ ಸೋಫಾದಲ್ಲಿ ಕುಳಿತು ಗಂಟೆಗಟ್ಟಲೆ ಫೋನು. ರಾತ್ರಿ ಅತ್ತೆಗೆ ಕಷಾಯ ಕೊಟ್ಟಾಗ ಅವರು "ನೀನೂ ಒಂದು ಗುಟುಕು ಕುಡಿಯಮ್ಮ, ಗಂಟಲು ಕಟ್ಟಿದೆ ನಿನಗೆ" ಎಂದದ್ದು.

ಆ ದಿನ ಯಾರಾದರೂ ಕೇಳಿದ್ದರೆ ಶಿಕ್ಷಕರ ಕೊಠಡಿಯ ನಗುವೇ ದಿನದ ಖುಷಿ ಎಂದು ಅವರು ಹೇಳುತ್ತಿದ್ದರೇನೋ. ರಾತ್ರಿ ಕುಳಿತು ನೋಡಿದಾಗ ಆ ನಗುವಿನ ಜಾಗದಲ್ಲಿ ಒಂದು ಬಗೆಯ ಕಹಿ, ಯಾರಾದರೂ ಹೋಗಿ ಹೇಳಿದರೇನು ಗತಿ ಎಂಬ ಅಳುಕು. ಫೋನಿನ ಗಂಟೆಗಳಲ್ಲಿ ಏನೂ ಉಳಿದಿಲ್ಲ. ಆದರೆ ಎರಡೇ ನಿಮಿಷದ ಆ ಸ್ಲೇಟು, ಅತ್ತೆಯ ಆ ಒಂದು ಮಾತು ಈಗಲೂ ಬೆಚ್ಚಗಿವೆ. ನಡೆಯುವಾಗ ಅವನ್ನು ಅವರು ಗಮನಿಸಿಯೇ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಎರಡೇ ಸಾಲು: ಹುಡುಗನ ಸ್ಲೇಟು, ಅತ್ತೆಯ ಕಷಾಯ, ಉಳಿದಿವೆ. ಟೀ ಹೊತ್ತಿನ ಮಾತು, ಕಹಿ. ನಾಳೆಯ ನಿರ್ಧಾರ: ಬಿಡುವಿನಲ್ಲಿ ಆ ಹುಡುಗನ ಬೆಂಚಿಗೆ ಹೋಗುತ್ತೇನೆ.

ಲೂಕರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಎಮ್ಮಾವಿಗೆ ಹೊರಟ ಇಬ್ಬರು ಶಿಷ್ಯರಿಗೂ ಹೀಗೆಯೇ ಆಯಿತು. ಪುನರುತ್ಥಾನಗೊಂಡ ಪ್ರಭು ಜೊತೆಯಲ್ಲೇ ನಡೆದರೂ ಅವರಿಗೆ ಗುರುತು ಸಿಗಲಿಲ್ಲ. ಪ್ರಭು ರೊಟ್ಟಿ ಮುರಿದಾಗ ಶಿಷ್ಯರ ಕಣ್ಣು ತೆರೆಯಿತು, ಅಷ್ಟರಲ್ಲಿ ಪ್ರಭು ಮರೆಯಾದರು. ಆಗ ಇಬ್ಬರೂ ಹಿಂದಿರುಗಿ ನೋಡಿ, ದಾರಿಯಲ್ಲಿ ಮಾತನಾಡುತ್ತಿದ್ದಾಗ ನಮ್ಮ ಹೃದಯ ಉರಿಯುತ್ತಿತ್ತಲ್ಲವೇ ಎಂದುಕೊಂಡರು. ಹೊತ್ತು ಮುಳುಗಿದ್ದರೂ ಆಗಲೇ ಎದ್ದು, ಬಂದಷ್ಟೇ ದೂರ, ಸುಮಾರು ಹನ್ನೊಂದು ಕಿಲೋಮೀಟರ್, ಜೆರುಸಲೇಮಿಗೆ ತಿರುಗಿ ನಡೆದರು. ಆತ್ಮಶೋಧನೆ ಎಂದರೇನೆಂದು ಯಾರಾದರೂ ಕೇಳಿದರೆ ನಾನು ಈ ಪ್ರಸಂಗವನ್ನೇ ಓದಲು ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಬೆಳಿಗ್ಗೆ ಶುಭಸಂದೇಶದ ಒಂದು ತುಣುಕು

ರಾತ್ರಿಯ ಅಭ್ಯಾಸ ಒಂದೆರಡು ವಾರ ಹಿಡಿದ ಮೇಲೆ ಇದನ್ನು ಸೇರಿಸಿ. ಹತ್ತು ನಿಮಿಷ. ದೊಡ್ಡ ಅಧ್ಯಾಯ ಬೇಡ, ಒಂದು ಪ್ರಸಂಗ ಸಾಕು. ಇಗ್ನೇಷಿಯಸರು ಕಲಿಸಿದಂತೆ ಆ ಜಾಗಕ್ಕೆ ಹೋಗಿ ನಿಂತುಕೊಳ್ಳಿ: ಯಾರು ಯಾರಿದ್ದಾರೆ, ಏನು ಹೇಳುತ್ತಿದ್ದಾರೆ, ಏನು ಮಾಡುತ್ತಿದ್ದಾರೆ. ಲೂಕ 19ರ ಜಕ್ಕಾಯನನ್ನು ತೆಗೆದುಕೊಳ್ಳಿ. ಮರ ಹತ್ತಿದ ಸುಂಕದವನು, ಕೆಳಗೆ ಜನರ ಗದ್ದಲ, ತನ್ನನ್ನು ಹೆಸರು ಹಿಡಿದು ಕರೆಯುವ ದನಿ. ಅವನು ಸಂತೋಷದಿಂದ ಯೇಸುವನ್ನು ಮನೆಗೆ ಬರಮಾಡಿಕೊಂಡ ಎಂದು ಲೂಕರು ಬರೆಯುತ್ತಾರೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿದ್ದಕ್ಕೆ ನಾಲ್ಕರಷ್ಟು ಎಂಬ ಅವನ ಮಾತು ಬರುವುದು ಆ ಸಂತೋಷದ ನಂತರ. ಮೊದಲು ಎಲ್ಲ ಸರಿಮಾಡಿಕೊಂಡು ಆಮೇಲೆ ದೇವರ ಬಳಿ ಹೋಗೋಣ ಎಂದು ಕಾಯುತ್ತಿರುವವರು ಈ ಕ್ರಮವನ್ನು ಗಮನಿಸಬೇಕು.

ಆರಂಭಕ್ಕೆ ಇನ್ನಷ್ಟು: ಲೂಕ 1ರಲ್ಲಿ ಮರಿಯಮ್ಮನವರು ಎಲಿಜಬೇತಳ ಮನೆಗೆ ಹೋದದ್ದು, ಲೂಕ 15ರ ಮೂರು ಸಾಮತಿಗಳು (ದೃಷ್ಟಾಂತ ಕಥೆಗಳು), ಯೊವಾನ್ನ 15, ಯೊವಾನ್ನ 20ರಲ್ಲಿ ಸಮಾಧಿಯ ಬಳಿ ಅಳುತ್ತಿದ್ದ ಮಗ್ದಲದ ಮರಿಯಳು. ಆಮೇಲೆ ಪೌಲರು ಸೆರೆಯಲ್ಲಿದ್ದು ಫಿಲಿಪ್ಪಿಯರಿಗೆ ಬರೆದ ಪತ್ರ. ನಾಲ್ಕೇ ಅಧ್ಯಾಯ, ಸಂಕೋಲೆಯಲ್ಲಿದ್ದವರು ಬರೆದದ್ದು, ಪುಟಪುಟಕ್ಕೂ ಸಂತೋಷದ ಮಾತು.

ಐದನೆಯ ಹೆಜ್ಜೆ: ಬರಡು ಕಾಲಕ್ಕೆ ಮೊದಲೇ ಸಿದ್ಧರಾಗಿ

ಬಹಳ ಜನ ಕೈಬಿಡುವುದು ಇಲ್ಲಿ. ಮೊದಮೊದಲು ಪ್ರಾರ್ಥನೆ ಸಿಹಿಯಾಗಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಒಣಗುತ್ತದೆ. ಬಲಿಪೂಜೆಯಲ್ಲಿ (ದೇವಾಲಯದ ಮುಖ್ಯ ಆರಾಧನೆಯಲ್ಲಿ) ಮನಸ್ಸು ನಿಲ್ಲುವುದಿಲ್ಲ, ವಾಕ್ಯ ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ, ಇದೆಲ್ಲ ಯಾಕೆ ಎಂಬ ಆಲಸ್ಯ ಹಿಡಿಯುತ್ತದೆ. ಇಗ್ನೇಷಿಯಸರಿಗೆ ಇದು ಚೆನ್ನಾಗಿ ಗೊತ್ತಿತ್ತು. 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿ ತಪಸ್ಸಿಗೆ ನಿಂತಾಗ, ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿದರೂ ತೀರದ ಸಂಶಯ ಅವರನ್ನು ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಎಳೆದುಕೊಂಡು ಹೋಗಿತ್ತು. ಅವರ ಸಲಹೆಗಳಿಗೆ ಆ ಅನುಭವದ ಬೆಂಬಲವಿದೆ.

ಮುಖ್ಯವಾದದ್ದು ಇದು: ಬರಡು ಕಾಲದಲ್ಲಿ ನಿರ್ಧಾರ ಬದಲಿಸಬೇಡಿ. ಮನಸ್ಸು ತಿಳಿಯಾಗಿದ್ದಾಗ ಏನು ನಿಶ್ಚಯಿಸಿದ್ದಿರೋ ಅದರಲ್ಲೇ ನಿಲ್ಲಿ. ಗಾಯನವೃಂದವನ್ನು ಬಿಡುವುದು, ಸಂಘಕ್ಕೆ ರಾಜೀನಾಮೆ ಕೊಡುವುದು, ಜಗಳವಾಡಿದ ಅಣ್ಣನಿಗೆ ಇನ್ನು ಮುಖ ತೋರಿಸುವುದಿಲ್ಲ ಎನ್ನುವುದು, ಇವೆಲ್ಲ ಕತ್ತಲೆಯ ದಿನ ತೆಗೆದುಕೊಳ್ಳುವ ತೀರ್ಮಾನಗಳಲ್ಲ. ಹದಿನೈದು ನಿಮಿಷ ಕುಳಿತುಕೊಳ್ಳಲು ಆಗುತ್ತಿಲ್ಲ ಎನ್ನಿಸಿದ ದಿನ ಹದಿನಾರು ನಿಮಿಷ ಕುಳಿತುಕೊಳ್ಳಿ. ಇದು ನನ್ನ ಮಾತಲ್ಲ. ಬರಡುತನದ ಸಮಯದಲ್ಲಿ ನಿಗದಿತ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಪ್ರಾರ್ಥಿಸಬೇಕು ಎಂಬುದು ಅವರದೇ ಬೋಧನೆ. ಸಂತೋಷದ ದಿನಗಳಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ತೆಗೆದು ಓದಿ. ಅದಕ್ಕೇ ಬರೆಯಲು ಹೇಳಿದ್ದು.

ಕಾರಣವನ್ನೂ ಹುಡುಕಿ. ಅವರು ಮೂರನ್ನು ಹೇಳುತ್ತಾರೆ: ಪ್ರಾರ್ಥನೆಯಲ್ಲಿ ನಮ್ಮದೇ ಉದಾಸೀನ, ಸಿಹಿ ಸಿಗದಿದ್ದರೂ ಎಷ್ಟು ದೂರ ಬರುತ್ತೇವೆ ಎಂಬ ಪರೀಕ್ಷೆ, ಈ ಆನಂದ ನಮ್ಮ ಸಂಪಾದನೆಯಲ್ಲ, ವರ ಎಂಬ ತಿಳಿವಳಿಕೆ ಮೂಡಿಸುವುದು. ಮೊದಲನೆಯದಾದರೆ ತಿದ್ದಿಕೊಳ್ಳಿ. ಉಳಿದೆರಡರಲ್ಲಿ ತಾಳ್ಮೆಯೇ ಮದ್ದು. ಪ್ರವಾದಿ ಹಬಕ್ಕೂಕರ ಗ್ರಂಥದ ಕೊನೆಯ ವಚನಗಳು ಇಂಥ ದಿನಗಳಿಗೇ ಬರೆದಂತಿವೆ: ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ದೇವರಲ್ಲಿ ಆನಂದಿಸುತ್ತೇನೆ ಎನ್ನುತ್ತಾರೆ. ಬರ ಕಂಡ ಊರಿನವರಿಗೆ ಆ ಸಾಲುಗಳ ತೂಕವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಅದನ್ನು ವಿಶ್ವಾಸದ ಕೊರತೆ ಎಂದು ಮುಚ್ಚಿಡಬೇಡಿ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ವೈದ್ಯರ ಬಳಿ ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಪ್ರಾರ್ಥಿಸಿದರೆ ಸಾಕು, ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮನ್ರೇಸಾದ ಕಠಿಣ ಉಪವಾಸಗಳಿಂದ ತಮ್ಮ ಹೊಟ್ಟೆಯನ್ನು ಕೆಡಿಸಿಕೊಂಡಿದ್ದ ಇಗ್ನೇಷಿಯಸರೇ ಮುಂದೆ ತಮ್ಮ ಸಂಗಡಿಗರಿಗೆ ಊಟ, ನಿದ್ದೆ, ದೇಹದ ಆರೋಗ್ಯವನ್ನು ಕಾಪಾಡಿಕೊಳ್ಳಲು ಹೇಳುತ್ತಿದ್ದರು.

ಆರನೆಯ ಹೆಜ್ಜೆ: ಒಬ್ಬರಿಗಾದರೂ ಹೇಳಿ

ಕೇಡು ಗುಟ್ಟಾಗಿರಲು ಬಯಸುತ್ತದೆ. ಮೋಸದ ಪ್ರಣಯಿ ತನ್ನ ಮಾತು ಹುಡುಗಿಯ ತಂದೆಗೆ ತಿಳಿಯದಿರಲಿ ಎಂದು ಬಯಸುವ ಹಾಗೆ ಎಂದು ಇಗ್ನೇಷಿಯಸರು ಹೋಲಿಸುತ್ತಾರೆ. ಬಾಯಿಬಿಟ್ಟು ಹೇಳಿದ ಕ್ಷಣ ಅರ್ಧ ಬಲ ಹೋಗುತ್ತದೆ. ನಿಮ್ಮ ಧರ್ಮಕೇಂದ್ರದ ಗುರುಗಳು, ಒಬ್ಬ ಸಿಸ್ಟರ್, ಪಾಸ್ಟರಮ್ಮ, ವಿಶ್ವಾಸದಲ್ಲಿ ನಿಮಗಿಂತ ಒಂದು ಹೆಜ್ಜೆ ಮುಂದಿರುವ ಗೆಳತಿ, ಯಾರಾದರೂ ಆಗಬಹುದು. ತಿಂಗಳಿಗೊಮ್ಮೆ ಭೇಟಿಯಾಗಿ, "ಈ ತಿಂಗಳು ಇಲ್ಲಿ ಬೆಳಕಿತ್ತು, ಇಲ್ಲಿ ಕತ್ತಲಿತ್ತು" ಎಂದಷ್ಟೇ ಹೇಳಿ. ಗುಟ್ಟು ಉಳಿಸಿಕೊಳ್ಳಬಲ್ಲವರನ್ನು, ಮಾತಿಗಿಂತ ಹೆಚ್ಚು ಕೇಳಿಸಿಕೊಳ್ಳುವವರನ್ನು ಆರಿಸಿಕೊಳ್ಳಿ. ಪರದೇಶದಲ್ಲಿ ಒಂಟಿಯಾಗಿರುವ ಕನ್ನಡ ಕ್ರೈಸ್ತರು ಫೋನಿನಲ್ಲಾದರೂ ಇದನ್ನು ಮಾಡಲಿ, ಸಾಧ್ಯವಾದರೆ ಕನ್ನಡದಲ್ಲೇ. ಒಳಗಿನ ಮಾತು ಮನೆಯ ನುಡಿಯಲ್ಲಿ ಸಲೀಸಾಗಿ ಬರುತ್ತದೆ.

ಏಳನೆಯ ಹೆಜ್ಜೆ: ಕಂಡದ್ದನ್ನು ಕೈಯಲ್ಲಿ ಮಾಡಿ

ಪ್ರೀತಿಯನ್ನು ಮಾತಿನಲ್ಲಿ ತೋರಿಸುವುದಕ್ಕಿಂತ ಹೆಚ್ಚಾಗಿ ಕೆಲಸದಲ್ಲಿ ತೋರಿಸಬೇಕು ಎಂಬುದು ಇಗ್ನೇಷಿಯಸರ ಕೈಪಿಡಿಯ ಕೊನೆಯ ಧ್ಯಾನದ ಆರಂಭದ ಮಾತು. ಒಂದು ತಿಂಗಳ ನೋಟ್‌ಬುಕ್ಕನ್ನು ಒಟ್ಟಿಗೆ ಓದಿ. ಉಳಿದಿದೆ ಎಂದು ಗುರುತು ಹಾಕಿದ ಸಾಲುಗಳಲ್ಲಿ ಒಂದು ದಿಕ್ಕು ಕಾಣುತ್ತದೆ. ಕೆಲವರಿಗೆ ಅದು ಮಕ್ಕಳು, ಕೆಲವರಿಗೆ ರೋಗಿಗಳ ಭೇಟಿ, ಕೆಲವರಿಗೆ ದೇವಾಲಯದ ಹಾಡು, ಕೆಲವರಿಗೆ ಮುರಿದ ಸಂಬಂಧವೊಂದರ ಕಡೆಗೆ ಇಟ್ಟ ಅಳುಕಿನ ಹೆಜ್ಜೆ. ಆ ದಿಕ್ಕಿಗೆ ವಾರದಲ್ಲಿ ಒಂದು ಗಂಟೆ ಗೊತ್ತುಪಡಿಸಿ. ಕಹಿ ಎಂದು ಬರೆದ ಸಾಲುಗಳಲ್ಲೂ ಒಂದೇ ಹೆಸರು, ಒಂದೇ ಜಾಗ, ಒಂದೇ ಹೊತ್ತು ಮತ್ತೆ ಮತ್ತೆ ಬಂದಿರುತ್ತದೆ. ಪಾಪನಿವೇದನೆಗೆ ಹೋಗುವಾಗ ಅದನ್ನೇ ಒಯ್ಯಿರಿ. ಪಟ್ಟಿ ಚಿಕ್ಕದಾಗುತ್ತದೆ, ನಿಜವೂ ಆಗುತ್ತದೆ.

ಉದ್ಯೋಗ ಬದಲಾವಣೆ, ಮದುವೆ, ಸನ್ಯಾಸ, ಊರು ಬಿಡುವುದು ಇಂಥ ದೊಡ್ಡ ನಿರ್ಧಾರವೇನಾದರೂ ಮುಂದಿದ್ದರೆ ಒಂದು ವಾರ ಒಂದನ್ನು ಆರಿಸಿಕೊಂಡೆ ಎಂದುಕೊಂಡು ಬದುಕಿ, ಇನ್ನೊಂದು ವಾರ ಮತ್ತೊಂದನ್ನು. ಪ್ರತಿ ರಾತ್ರಿ ಏನು ಉಳಿಯಿತೆಂದು ಬರೆಯಿರಿ. ಆಮೇಲೆ ಆ ಪುಟಗಳನ್ನು ನಿಮ್ಮ ಮಾರ್ಗದರ್ಶಕರೊಂದಿಗೆ ಕುಳಿತು ನೋಡಿ.

ಇನ್ನೂ ಆಳಕ್ಕೆ ಹೋಗಬಯಸುವವರಿಗೆ ಮೂವತ್ತು ದಿನಗಳ ಪೂರ್ಣ ಸಾಧನೆಯಿದೆ, ಎಂಟು ದಿನಗಳ ಧ್ಯಾನಕೂಟಗಳೂ ಇವೆ. ಮನೆ, ಕಚೇರಿ ಬಿಟ್ಟು ಹೋಗಲಾಗದವರಿಗಾಗಿ ದಿನಕ್ಕೆ ಒಂದೂವರೆ ಗಂಟೆಯಂತೆ ಮನೆಯಲ್ಲಿದ್ದುಕೊಂಡೇ ಮಾಡುವ ಕ್ರಮವನ್ನೂ ಇಗ್ನೇಷಿಯಸರು ಕೈಪಿಡಿಯ ಮೊದಲಲ್ಲೇ ಬರೆದಿಟ್ಟಿದ್ದಾರೆ. ಅದಕ್ಕೆ ಮಾರ್ಗದರ್ಶಕರು ಬೇಕೇ ಬೇಕು. ನಿಮ್ಮ ಊರಿನ ಅಥವಾ ಹತ್ತಿರದ ಜೆಸ್ವಿಟ್ ಗುರುಗಳನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಅವರ ಬಳಿ ಹೋಗುವಾಗ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಅವರು ಮೊದಲು ಕೇಳುವುದು ನಿಮ್ಮ ಪ್ರಾರ್ಥನೆ ಈಗ ಹೇಗೆ ನಡೆಯುತ್ತಿದೆ ಎಂದೇ.